ವೈಟಹನುಯಿ ಅಳಿವೆಗೆ ಟ್ರೌಟ್ ಹಿಡಿಯಲು ಹೊರಟವರಿಗೆ

ನ್ಯೂಜಿಲೆಂಡಿನ ತೌಪೊ ಸರೋವರದ ಪೂರ್ವ ದಡದಲ್ಲಿರುವ ಸಣ್ಣ ಊರು ವೈಟಹನುಯಿ. ಆಕ್ಲೆಂಡಿನಿಂದ ತೌಪೊ ಪಟ್ಟಣಕ್ಕೆ ಕಾರಿನಲ್ಲಿ ಸುಮಾರು ಮೂರೂವರೆ ಗಂಟೆ; ಅಲ್ಲಿಂದ ದಕ್ಷಿಣಕ್ಕೆ ಕಾಲು ಗಂಟೆ. ಅದೇ ಹೆಸರಿನ ಹೊಳೆ ಇಲ್ಲಿ ಸರೋವರಕ್ಕೆ ಸೇರುತ್ತದೆ. ಟ್ರೌಟ್ ಎಂಬ ತಣ್ಣೀರಿನ ಮೀನಿಗೆ ಗಾಳ ಹಾಕುವವರು ಸೊಂಟಮಟ್ಟದ ನೀರಿನಲ್ಲಿ ಬೇಲಿಗೂಟಗಳಂತೆ ಸಾಲಾಗಿ ನಿಲ್ಲುವುದಕ್ಕೆ ಈ ಅಳಿವೆ ಹೆಸರುವಾಸಿ.

ಮೊದಲು ಲೈಸೆನ್ಸ್. ತೌಪೊ ಪ್ರದೇಶಕ್ಕೆ ಸಂರಕ್ಷಣಾ ಇಲಾಖೆಯದ್ದೇ ಬೇರೆ ಲೈಸೆನ್ಸ್ ಬೇಕು. ದೇಶದ ಉಳಿದ ಕಡೆ ನಡೆಯುವ ಫಿಶ್ ಅಂಡ್ ಗೇಮ್ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲ. ಸೀಸನ್ ಲೈಸೆನ್ಸಿನ ವರ್ಷ ಜುಲೈ 1ರಿಂದ ಜೂನ್ 30. ಜೂನ್ ಕೊನೆಗೆ ಹೋಗುವವರು ದಿನದ ಲೈಸೆನ್ಸ್ ತಗೊಂಡರೆ ಸಾಕು. ಎಷ್ಟು ಮೀನು, ಎಷ್ಟು ಉದ್ದ ಎಂಬ ಮಿತಿ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ನೋಡಿಕೊಳ್ಳಿ.

ಬೆಂಗಳೂರಿನಿಂದ ಬರುವವರು ಬಳಸಿದ ಗಾಳದ ಸಾಮಾನು, ಬೂಟು ತರುವುದಾದರೆ ತೊಳೆದು, ಪೂರ್ತಿ ಒಣಗಿಸಿ, ವಿಮಾನ ನಿಲ್ದಾಣದ ಫಾರ್ಮಿನಲ್ಲಿ ತಪ್ಪದೆ ಬರೆಯಿರಿ. ಬರೆಯದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಅಡಿಯ ಬೂಟು ಇಲ್ಲಿ ನಿಷಿದ್ಧ: ಡಿಡಿಮೊ ಎಂಬ ಪಾಚಿ ಆ ಬಟ್ಟೆಯಲ್ಲಿ ತೇವ ಹಿಡಿದು ಉಳಿದು, ಹೊಳೆಯಿಂದ ಹೊಳೆಗೆ ಹರಡುತ್ತದೆ. ರಬ್ಬರ್ ಅಡಿಯದೇ ಸರಿ.

ಒರತೆಗಳಿಂದ ಹುಟ್ಟುವ ಈ ಹೊಳೆಯ ನೀರು ವರ್ಷವಿಡೀ ತಂಪು. ಅಲ್ಲಿನ ಬೇಸಿಗೆಯಲ್ಲಿ, ಮುಖ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ, ಸರೋವರದ ಮೇಲ್ನೀರು ಬೆಚ್ಚಗಾದಾಗ ಟ್ರೌಟ್‌ಗಳು ಈ ತಂಪು ಹರಿವನ್ನು ಹುಡುಕಿ ಬರುತ್ತವೆ. ಚಳಿಗಾಲದಲ್ಲಿ ಮೊಟ್ಟೆ ಇಡಲು ಹೊಳೆ ಹತ್ತುವ ಮೀನು ಇಲ್ಲೇ ಗುಂಪುಗೂಡುತ್ತದೆ.

ಇಲ್ಲಿ ಎಸೆಯುವುದು ಫ್ಲೈ, ಅಂದರೆ ಗರಿ, ನೂಲು ಸುತ್ತಿ ಮಾಡಿದ ಹುಸಿ ಎರೆ. ಎಂಟನೇ ತೂಕದ (ಕೋಲು ಎಷ್ಟು ಭಾರದ ಲೈನಿಗೆಂದು ಹೇಳುವ ಅಂಕಿ), ಒಂಬತ್ತು ಅಡಿಯ ಫ್ಲೈ ಕೋಲು ಸಾಕು. ಹಗಲಿಗೆ ಮುಳುಗುವ ಲೈನ್, ಅದಕ್ಕೆ ಒಂದೂವರೆ ಮೀಟರ್ ಲೀಡರ್ (ಲೈನಿನ ತುದಿಗೆ ಕಟ್ಟುವ ತೆಳು ದಾರ), ತುದಿಯಲ್ಲಿ ಗ್ರೇ ಘೋಸ್ಟ್‌ನಂಥ, ಸ್ಮೆಲ್ಟ್ ಎಂಬ ಪುಟ್ಟ ಮೀನಿನ ಹೋಲಿಕೆಯ ಫ್ಲೈ. ಲೀಡರ್ ಉದ್ದವಾದರೆ ಲೈನ್ ಮುಳುಗಿದರೂ ಫ್ಲೈ ಮೇಲೇ ತೇಲಿಕೊಂಡಿರುತ್ತದೆ, ಮೀನು ಕೆಳಗಿರುತ್ತದೆ. ಕತ್ತಲಾದ ಮೇಲೆ ಕಪ್ಪು ಫ್ಲೈಗೆ ಬದಲಿಸಿ. ಕ್ರೇಗ್ಸ್ ನೈಟ್‌ಟೈಮ್ ಹಳೆಯದಾದರೂ ಇಂದಿಗೂ ನಂಬಿಕಸ್ಥ. ರಾತ್ರಿ ಲೈನನ್ನು ಬೆರಳಲ್ಲಿ ಎಂಟರ ಆಕಾರದಲ್ಲಿ ಸುತ್ತುತ್ತಾ ಆದಷ್ಟು ನಿಧಾನ ಎಳೆಯಿರಿ. ಹೊಸಬರು ಕೆಡಿಸಿಕೊಳ್ಳುವುದೇ ಇಲ್ಲಿ, ಎಳೆತ ಜೋರಾಗುತ್ತದೆ.

ದೂರ ಎಸೆಯುವುದಕ್ಕಿಂತ ನಿಲ್ಲುವ ಜಾಗ ಮುಖ್ಯ. ಪಶ್ಚಿಮದ ಗಾಳಿ ನೇರ ಮುಖಕ್ಕೆ ಹೊಡೆದು ಅಲೆ ಏಳಿಸುತ್ತದೆ, ಹೊಳೆಯ ಹರಿವು ದಡದುದ್ದಕ್ಕೆ ಬಾಗುತ್ತದೆ. ನೀರಿಗಿಳಿಯುವ ಮುನ್ನ ಹತ್ತು ನಿಮಿಷ ದಡದಲ್ಲಿ ನಿಂತು ಆ ಹರಿವಿನ ಗೆರೆ ಎಲ್ಲಿ ಹೋಗುತ್ತಿದೆ ನೋಡಿ. ಫ್ಲೈ ಬೀಳಬೇಕಾದ್ದು ಅದರ ಅಂಚಿಗೆ. ಸಾಲಿನ ಮಧ್ಯೆ ತೂರಬೇಡಿ, ತುದಿಯಲ್ಲಿ ಸೇರಿಕೊಳ್ಳಿ. ಪಕ್ಕದವರಿಗಿಂತ ಒಂದು ಹೆಜ್ಜೆಯೂ ಮುಂದೆ ಹೋಗಬಾರದು, ಅವರ ಮುಂದಿನ ಮೀನು ಬೆದರಿ ಓಡುತ್ತದೆ. ಇದು ಸುರಕ್ಷತೆಯ ಮಾತೂ ಹೌದು. ತಳ ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲಿನ ಪುಡಿಯದ್ದು. ತಳದ ಅಂಚಿನಾಚೆ ಒಮ್ಮೆಲೇ ಆಳ, ಆ ಅಂಚು ಕಾಲಡಿಯಲ್ಲೇ ಕುಸಿಯುತ್ತದೆ. ವೇಡರ್ಸ್ (ನೀರಿಗಿಳಿಯಲು ತೊಡುವ, ನೀರು ಹೊಗದ ಉಡುಪು) ಮೇಲೆ ಬೆಲ್ಟ್ ಬಿಗಿದಿರಲೇಬೇಕು, ಇಲ್ಲವಾದರೆ ಬಿದ್ದಾಗ ಒಳಗೆ ನೀರು ತುಂಬುತ್ತದೆ.

ಮೀನು ಕಚ್ಚಿದರೆ ಕೋಲು ಎತ್ತಿ ಹಿಡಿದು ಹಿಮ್ಮೆಟ್ಟುತ್ತಾ ದಡಕ್ಕೆ ಬನ್ನಿ, ಸಾಲಿನಲ್ಲೇ ನಿಂತು ಸೆಣಸಿದರೆ ನಾಲ್ಕು ಜನರ ಲೈನ್ ಗೋಜಲಾಗುತ್ತದೆ.

ನ್ಯೂಜಿಲೆಂಡಿನಲ್ಲಿ ಟ್ರೌಟ್ ಮಾರುವುದು ಕಾನೂನುಬಾಹಿರ, ಹೋಟೆಲಿನ ಮೆನುವಿನಲ್ಲಿ ಸಿಗದು. ಹಿಡಿದರಷ್ಟೇ ಊಟ, ಅಡುಗೆಮನೆ ಇರುವ ಕೋಣೆ ಹಿಡಿಯಿರಿ. ಸರೋವರದ ತಳ ಸ್ಥಳೀಯ ಮಾವೊರಿ ಬುಡಕಟ್ಟು ತೂಫಾರೆಟೋವಾದವರದ್ದು, ನೀರು ಅವರಿಗೆ ಪವಿತ್ರ. ಮೀನು ಹಸನು ಮಾಡಿದ ಕರುಳು, ಪೊರೆ ಯಾವುದನ್ನೂ ಅದಕ್ಕೆ ಎಸೆಯದೆ ಚೀಲದಲ್ಲಿ ಕಟ್ಟಿ ಕಸದ ಡಬ್ಬಿಗೆ ಹಾಕಿ.