ಕೂತ್ಕೊಳ್ಳಲಿ ಬಿಡಿ

ಭಾನುವಾರ ಮುಂಬೈಯ ಗೇಟ್‌ವೇಯಿಂದ ನೀರಿನಾಚೆಯ ಮಾಂಡ್ವಾಕ್ಕೆ ಲಾಂಚಿನಲ್ಲಿ ಹೊರಟಿದ್ದೆವು. ಮಳೆಗಾಲ ಮುಗಿದು ಲಾಂಚುಗಳು ಮತ್ತೆ ಶುರುವಾಗಿವೆ, ನಮ್ಮ ಸಂಘದ ಇಪ್ಪತ್ತು ಜನ, ಜೊತೆಗೆ ಡಬ್ಬಿಗಟ್ಟಲೆ ಕೋಡುಬಳೆ. ಅರ್ಧ ದಾರಿಯಲ್ಲಿ ಒಂದು ಹಕ್ಕಿ ಮೇಲಿನ ಡೆಕ್ಕಿನ ಹಗ್ಗದ ಸುರುಳಿಗೆ ಬಂದು ಕೂತಿತು. ಕೂತಿತು ಅನ್ನುವುದಕ್ಕಿಂತ ಬಿತ್ತು ಅನ್ನಬೇಕು. ಗುಬ್ಬಿಗಿಂತ ಸಪೂರ, ಬೂದುಗಂದು ಮೈ, ಎದೆ ಮೇಲೆ ಪೆನ್ಸಿಲ್ಲಿನಲ್ಲಿ ಎಳೆದಂಥ ಗೆರೆಗಳು. ರೆಕ್ಕೆ ಜೋತುಬಿದ್ದಿತ್ತು. ನಾನು ಮೂರಡಿ ದೂರದಲ್ಲಿದ್ದೆ. ಕೆಳರೆಪ್ಪೆ ಮೇಲಕ್ಕೇರಿ ಕಣ್ಣು ಮುಚ್ಚುತ್ತಿತ್ತು, ಎಂಜಿನ್ ಗಡಗಡ ಎಂದರೆ ತೆರೆಯುತ್ತಿತ್ತು, ಮತ್ತೆ ಮುಚ್ಚುತ್ತಿತ್ತು.

ನಮ್ಮವರೇ ಒಬ್ಬರು ಮೊಬೈಲ್ ಹಿಡಿದು ಬಂದರು. ಕೂತ ಹಕ್ಕಿ ಅವರಿಗೆ ಸಾಲಲಿಲ್ಲ, ಹಾರುವುದು ಬೇಕಿತ್ತು. "ಏ, ಹಾರ್ಸು ಹಾರ್ಸು" ಎಂದು ಮಗನಿಗೆ ಹೇಳಿದರು. ಬೆಂಚಿನ ಮೇಲಿದ್ದ ನನ್ನ ಸೋದರಮಾವ "ಕೂತ್ಕೊಳ್ಳಲಿ ಬಿಡಿ ಮಾರಾಯ್ರೆ" ಅಂದರು. ಹುಡುಗ ಅಪ್ಪನ ಮುಖ ನೋಡಿದ, ಮಾವನ ಮುಖ ನೋಡಿದ, ಚಪ್ಪಾಳೆ ತಟ್ಟಿದ. ಹಕ್ಕಿ ಅಲೆಗೆ ತಾಗುವಷ್ಟು ತಗ್ಗಿನಲ್ಲಿ ಹಾರುತ್ತ ಕಣ್ಮರೆಯಾಯಿತು.

ಅವರು ಕೆಟ್ಟವರಲ್ಲ. ಊರಿಂದ ಯಾರೇ ಮುಂಬೈ ಆಸ್ಪತ್ರೆಗೆ ಬಂದರೂ ತಮ್ಮ ಒಂದೂವರೆ ಕೋಣೆಯ ಮನೆಯಲ್ಲಿ ವಾರಗಟ್ಟಲೆ ಉಳಿಸಿಕೊಳ್ಳುತ್ತಾರೆ. ಅದಕ್ಕೇ ನನಗೆ ಹೆಚ್ಚು ಸಂಕಟ.

ಹಕ್ಕಿ ನೋಡುವ ಗೆಳತಿಗೆ ಆ ವಿಡಿಯೋ ಕಳಿಸಿದೆ. ಸ್ಪಾಟೆಡ್ ಫ್ಲೈಕ್ಯಾಚರ್ ಎಂದಳು. ಚಳಿಗಾಲ ಕಳೆಯಲು ಆಫ್ರಿಕಾಕ್ಕೆ ಹೋಗುವ ಹಕ್ಕಿ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಪಶ್ಚಿಮ ಭಾರತವನ್ನು ಹಾದುಹೋಗುತ್ತದಂತೆ. "ಸುಸ್ತಾದರೆ ಬಾತುಕೋಳಿ ಥರ ನೀರ ಮೇಲೆ ಕೂರಬಾರದಾ?" ಅಂತ ಕೇಳಿದೆ. ಕೂರುವ ಹಾಗಿಲ್ಲ. ಇವುಗಳ ಗರಿ ನೀರು ಹೀರಿಕೊಳ್ಳುತ್ತದೆ, ಒಮ್ಮೆ ನೆನೆದರೆ ಮೇಲೇಳಲು ಆಗುವುದಿಲ್ಲ. ಹದ್ದುಗಳಂತೆ ಬಿಸಿಗಾಳಿ ಹಿಡಿದು ತೇಲುವಂತೆಯೂ ಇಲ್ಲ. ಬಡಿಯುತ್ತಲೇ ಇರಬೇಕು.

ಅಂದಿನಿಂದ ರಾತ್ರಿಯೆಲ್ಲ ಇದನ್ನೇ ಓದುತ್ತಿದ್ದೇನೆ. ಅಮೆರಿಕದ ಬ್ಲ್ಯಾಕ್‌ಪೋಲ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ತೂಗುವುದು ಸುಮಾರು 12 ಗ್ರಾಂ, ಅಂದರೆ ಹೆಚ್ಚುಕಡಿಮೆ ಹಿತ್ತಾಳೆ ಬಣ್ಣದ ಐದು ರೂಪಾಯಿಯ ಎರಡು ನಾಣ್ಯ. ಅದರ ಬೆನ್ನಿಗೆ ದಾರಿ ಗುರುತಿಸುವ ಅರ್ಧ ಗ್ರಾಮಿನ ಸಾಧನ ಕಟ್ಟಿ ನೋಡಿದವರು 2015ರಲ್ಲಿ ಪ್ರಕಟಿಸಿದ್ದಾರೆ: ಎರಡು-ಮೂರು ದಿನ ಎಲ್ಲೂ ಇಳಿಯದೆ ಅಟ್ಲಾಂಟಿಕ್ ಮೇಲೆ 2,270ರಿಂದ 2,770 ಕಿಲೋಮೀಟರ್. ಹೊರಡುವ ಮೊದಲು ತಿಂದೂ ತಿಂದೂ ಮೈತೂಕ ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳುತ್ತದೆ. ಆ ಕೊಬ್ಬೇ ಬುತ್ತಿ, ಅದು ಕರಗುವಾಗ ಹುಟ್ಟುವ ನೀರೇ ಕುಡಿಯುವ ನೀರು. ಹಿಂದಿನಿಂದ ಗಾಳಿ ಬೀಸುವವರೆಗೆ ದಡದಲ್ಲೇ ಕಾಯುತ್ತದೆ. ಅಷ್ಟು ಲೆಕ್ಕ ಹಾಕಿ ಹೊರಟದ್ದಕ್ಕೂ ದಾರಿಯಲ್ಲಿ ಮಳೆ ಸಿಕ್ಕರೆ, ಗಾಳಿ ಎದುರಾದರೆ, ಬುತ್ತಿ ನಡುನೀರಲ್ಲೇ ಮುಗಿಯುತ್ತದೆ. ಆಗ ಕಾಣುವ ಹಡಗೇ ನೆಲ.

ನಾವು ತಟ್ಟಿದ ಒಂದು ಚಪ್ಪಾಳೆಗೆ ಅದರ ಮೈಯಿಂದ ಎಷ್ಟು ಖರ್ಚಾಯಿತು? ಎಡಗೈ ಚಾಚಿದ್ದರೆ ಹುಡುಗನ ಕೈ ನನಗೆ ಸಿಗುತ್ತಿತ್ತು. ಚಾಚಲಿಲ್ಲ. ವಿಡಿಯೋದ ಕೊನೆಯಲ್ಲಿ ಮಾವನ ದನಿ ಸಣ್ಣಗೆ ಕೇಳುತ್ತದೆ, "ಕೂತ್ಕೊಳ್ಳಲಿ ಬಿಡಿ." ನಾಲ್ಕೈದು ಸಲ ಕೇಳಿದ್ದೇನೆ.

ಬುಧವಾರ ಮಾವನಿಗೆ ಫೋನ್ ಮಾಡಿದೆ. ಅವರು ಸರಕು ಹಡಗಿನಲ್ಲಿ ಭಂಡಾರಿಯಾಗಿದ್ದವರು, ಇಪ್ಪತ್ತಾರು ವರ್ಷ ಅಡುಗೆ ಮಾಡಿದ್ದಾರೆ. "ನಮ್ಮ ಹಡಗಿಗೂ ಬರ್ತಿದ್ವು ಮಗಾ. ಒಂದ್ಸಲ ಏಡನ್ ದಾರೀಲಿ ಇಂಥದ್ದೇ ಒಂದು ಬಂದು ನನ್ನ ಅಡುಗೆಮನೆ ಬಾಗಿಲ ಮೇಲೆ ಕೂತಿತು. ತಟ್ಟೇಲಿ ನೀರಿಟ್ಟೆ. ಆ ಬಾಗಿಲು ಹಾಕಿದ್ರೆ ಎಲ್ಲಿ ಎದ್ದು ಹೋಗುತ್ತೋ ಅಂತ ಎರಡು ದಿನ ಹಾಗೇ ತೆರೆದಿಟ್ಟೆವು. ಗಾಳಿಗೆ ಒಲೆ ಆರಿ ಆರಿ ಹೋಗ್ತಿತ್ತು, ಊಟ ತಡವಾಯ್ತು ಅಂತ ಯಾರೂ ಬೈಲಿಲ್ಲ."