ವಾಷಿಂಗ್ಟನ್ ಗಿರಣಿ ಇನ್ನೂ ಓಡ್ತಿದೆ

13 ಅಕ್ಟೋಬರ್ 2019, ಭಾನುವಾರ

ವರ್ಜೀನಿಯಾದಲ್ಲಿ ಜಾರ್ಜ್ ವಾಷಿಂಗ್ಟನ್‌ನ ಎಸ್ಟೇಟು ಮೌಂಟ್ ವರ್ನನ್, ಅದರ ಹತ್ರ ಇರೋ ಅವನ ನೀರಿನ ಗಿರಣಿಗೆ ಹೋಗಿದ್ವಿ. ತಂಬಾಕು ಬೆಳೆಯೋದು ಬಿಟ್ಟು ಗೋಧಿ ಹಿಡಿದ ಮೇಲೆ 1771ರಲ್ಲಿ ಅವನು ಕಟ್ಟಿಸಿದ್ದು, ಆಗ ವರ್ಜೀನಿಯಾ ಇನ್ನೂ ಬ್ರಿಟಿಷರ ಕಾಲೊನಿ. ಆ ಕಟ್ಟಡ 1850ರ ಹೊತ್ತಿಗೇ ಹೋಯ್ತು, ಈಗ ನಿಂತಿರೋದು ಅದೇ ಜಾಗದಲ್ಲಿ 1930ರ ದಶಕದಲ್ಲಿ ರಾಜ್ಯ ಸರ್ಕಾರ ಮತ್ತೆ ಎಬ್ಬಿಸಿದ್ದು. ಇದನ್ನ ಕೇಳಿದ್ದೇ ಜೊತೆಗಿದ್ದ ಗೆಳೆಯ "ಹಂಗಾದ್ರೆ ಡೂಪ್ಲಿಕೇಟ್ ಬಿಡೋ" ಅಂದ. ನಾನಂತೂ ಒಪ್ಪಲ್ಲ.

ಗೋಡೆ ಹೊಸದು ಸರಿ, ಆದ್ರೆ ಒಳಗಿನ ಯಂತ್ರ ವರ್ಜೀನಿಯಾದ್ದೇ ಊರು ಫ್ರಂಟ್ ರಾಯಲ್ ಕಡೆಯ ಒಂದು ಹಳೇ ಗಿರಣಿಯಿಂದ ಬಿಚ್ಚಿ ತಂದದ್ದು, ಆಲಿವರ್ ಇವಾನ್ಸ್ ಅನ್ನೋ ಸಂಶೋಧಕ ಕಂಡುಹಿಡಿದ ಪದ್ಧತಿದು. 1790ರಲ್ಲಿ ಇದಕ್ಕೆ ಇವಾನ್ಸ್‌ಗೆ ಸಿಕ್ಕಿದ್ದು ಅಮೆರಿಕದ ಮೂರನೇ ಪೇಟೆಂಟು, ಅದಕ್ಕೆ ಸಹಿ ಹಾಕಿದ ವಾಷಿಂಗ್ಟನ್ನೇ ಮರುವರ್ಷ ತನ್ನ ಗಿರಣಿಗೂ ಅದನ್ನ ಹಾಕಿಸ್ಕೊಂಡ. ಬೆಲ್ಟಿಗೆ ಸಾಲಾಗಿ ಸಣ್ಣ ಬಕೆಟ್ ಕಟ್ಟಿರ್ತಾರೆ, ಅವು ಕಾಳನ್ನ ಮಹಡಿಗೆ ಎತ್ತುತ್ತೆ, ಬೀಸಿದ ಬಿಸಿ ಹಿಟ್ಟನ್ನೂ ಎತ್ತುತ್ತೆ, ಮೇಲೆ ಒಂದು ಮರದ ಕುಂಟೆ ಸುತ್ತುತ್ತಾ ಹಿಟ್ಟು ಹರವಿ ಆರಿಸುತ್ತೆ, ಇಷ್ಟಕ್ಕೂ ನೀರಿನ ಚಕ್ರ ಒಂದೇ ಆಧಾರ.

ಬೀಸೋ ಕಲ್ಲಿನ ಹತ್ರ ನಿಂತ ನಾನು ಆಮೇಲೆ ಕದಲಲೇ ಇಲ್ಲ. ಮೇಲಿನ ಕಲ್ಲು ತಿರುಗುತ್ತೆ, ಕೆಳಗಿನದು ಕೂತಿರುತ್ತೆ, ಎರಡೂ ಮುಟ್ಟಬಾರ್ದು, ಮುಟ್ಟಿದ್ರೆ ಕಿಡಿ, ಹಿಟ್ಟಿನ ಧೂಳು ತುಂಬಿರೋ ಜಾಗದಲ್ಲಿ ಕಿಡಿ ಅಂದ್ರೆ ಬೆಂಕಿ! ಕಲ್ಲಿನ ಮೈಮೇಲಿನ ಗೀರು ಸವೆದಾಗ ಕಲ್ಲೆತ್ತಿ ಮಗುಚಿ ಉಳಿ ಹಿಡಿದು ಮತ್ತೆ ಕೊರೀಬೇಕು, ನಮ್ಮೂರಲ್ಲಿ ಬೀಸೋ ಕಲ್ಲಿಗೆ ಮುಳ್ಳು ಹೊಡೆಸ್ತಿದ್ರಲ್ಲ, ಹಂಗೇ. ಈ ಕೈಕೆಲಸ ಗಿರಣಿ ಓಡ್ತಿದ್ರೆ ಮಾತ್ರ ಉಳಿಯೋದು. ಓಡಿಸದೆ ಬಿಟ್ರೆ ಮರದ ಚಕ್ರವೂ ಒಂದು ಕಡೆ ಒಣಗಿ ಇನ್ನೊಂದು ಕಡೆ ಕೊಳೆತು ಹಾಳಾಗುತ್ತೆ. ಅದಕ್ಕೇ 2002ರಲ್ಲಿ ಇದನ್ನ ರಿಪೇರಿ ಮಾಡಿ ನಿಜವಾಗ್ಲೂ ಬೀಸೋ ಹಂಗೆ ತೆರೆದದ್ದು ನನಗೆ ದೊಡ್ಡ ಕೆಲಸ ಅನ್ಸುತ್ತೆ, ಬೀಗ ಹಾಕಿ ಗಾಜಿನ ಹಿಂದೆ ಇಟ್ಟಿದ್ರೆ ಗೆಳೆಯ ಹೇಳಿದ್ದೇ ನಿಜ ಆಗಿರ್ತಿತ್ತು.

ಇನ್ನೊಂದು ಮಾತು ಬಿಡೋಕಾಗಲ್ಲ. ಹಿಟ್ಟು ತುಂಬೋ ಪೀಪಾಯಿ ಮಾಡ್ತಿದ್ದವರು ವಾಷಿಂಗ್ಟನ್‌ನ ಗುಲಾಮರು, ಗೋಧಿ ಬೆಳೆದವರೂ ಅವರೇ. ಒಳ್ಳೇ ಹಿಟ್ಟು ವೆಸ್ಟ್ ಇಂಡೀಸ್‌ಗೆ ಹಡಗು ಹತ್ತುತ್ತಿತ್ತು, ಅವರಿಗೆ ಸಿಗ್ತಿದ್ದ ರೇಷನ್ನು ಮೆಕ್ಕೆಜೋಳದ ಹಿಟ್ಟು. ಯಂತ್ರದ ಬಗ್ಗೆ ಹೇಳುವಷ್ಟೇ ಹೊತ್ತು ಇದನ್ನೂ ಹೇಳ್ಬೇಕು ಅಂತ ನನ್ನಾಸೆ.

ವರ್ಜೀನಿಯಾ, ಮೇರಿಲ್ಯಾಂಡ್ ಕಡೆ ಇರೋ ನಮ್ಮೋರು ಮಕ್ಕಳನ್ನ ಕರ್ಕೊಂಡು ಹೋಗಿ, ಅಕ್ಟೋಬರ್ ಮುಗಿದ್ರೆ ಏಪ್ರಿಲ್ ತನಕ ಕಾಯ್ಬೇಕು.