ತಾತನ ತಲ್ವಾರ್: ಕೊನೆಗೂ ಅಲಗು ಬಾಯಿಬಿಟ್ಟಿತು

ತಾತನ ತಲ್ವಾರ್ ಅಸಲಿಯೋ ನಕಲಿಯೋ ಅಂತ ಅಂತೂ ಗೊತ್ತಾಯಿತು. ಅಲಗು ಅಸಲಿ ಉಕ್ಕು, ಅಂದರೆ ಇಂಗ್ಲಿಷಿನವರು ವೂಟ್ಸ್ ಅನ್ನುವ ಹಳೇ ಮೂಸೆ ಉಕ್ಕು; ಹಿಡಿ ಶೋಕೇಸ್ ಮಾಲು.

ಹಿಡಿಯ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಲಿಲ್ಲ. ಹಿತ್ತಾಳೆ ಎರಕದ ಗೆರೆ ಎರಡೂ ಬದಿಗೆ ಕಾಣುತ್ತದೆ, ತುದಿಯ ಬಿಲ್ಲೆ ಕೆಳಗೆ ನಟ್ಟು ಬೇರೆ. ಹಳೇ ತಲ್ವಾರ್‌ಗಳಲ್ಲಿ ಅಲಗಿನ ಬಾಲವನ್ನು ಹಿಡಿಯೊಳಗೆ ಅರಗು ತುಂಬಿ ಕೂರಿಸುತ್ತಿದ್ದರು. ಚಿಕ್ಕಪೇಟೆಯ ಅಂಗಡಿಯವರೊಬ್ಬರು ನೋಡಿದ್ದೇ ತಡ, "ಟಿಪ್ಪು ಕಾಲದ್ದು ಸಾರ್" ಅಂದರು. ಅವರ ಗೋಡೆ ಗಡಿಯಾರವೂ ಟಿಪ್ಪು ಕಾಲದ್ದೇ ಅಂತೆ, ಬ್ಯಾಟರಿ ಸಮೇತ.

ತಲೆ ತಿಂದಿದ್ದು ಅಲಗಿನ ಮೇಲಿನ ಅಲೆಅಲೆ ನಕ್ಷೆ. ವರ್ನಿಯರ್ ಇಟ್ಟರೆ ಬೆನ್ನಿನ ದಪ್ಪ ಹಿಡಿ ಹತ್ತಿರ 7 ಮಿ.ಮೀ., ತುದಿ ಹತ್ತಿರ 3. ಶೀಟಿನಿಂದ ಕತ್ತರಿಸಿದ ಮಾಲಾದರೆ ಸಾಮಾನ್ಯವಾಗಿ ಉದ್ದಕ್ಕೂ ಒಂದೇ ದಪ್ಪ, ಹಾಗಾಗಿ ಆಸೆ ಹುಟ್ಟಿತು. ಆದರೆ ನಕ್ಷೆಯನ್ನು ಆಸಿಡ್‌ನಲ್ಲಿ ಬರೆದು ಮಾರುವವರೂ ಇದ್ದಾರಲ್ವಾ? ಅಸಲಿ ವೂಟ್ಸ್ ಉಕ್ಕು ಮೂಸೆಯಲ್ಲಿ ಕರಗಿದ ಒಂದೇ ಗಟ್ಟಿ, ಸುಮಾರು 1.5% ಇಂಗಾಲ, ಕಾಯಿಸಿ ಬಡಿದಂತೆಲ್ಲ ಕಾರ್ಬೈಡ್ ಕಣಗಳು ಸಾಲುಗಟ್ಟುತ್ತವೆ. ನಕ್ಷೆ ಮೈಯೊಳಗೇ ಇರುತ್ತದೆ. ಉಜ್ಜಿ ಅಳಿಸಿದರೂ ಮತ್ತೆ ಏಳಬೇಕು.

ನಕ್ಷೆ ಎಬ್ಬಿಸಲು ಬೇಕಾದ ಫೆರಿಕ್ ಕ್ಲೋರೈಡ್‌ಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡ್. ಸರ್ಕ್ಯೂಟ್ ಬೋರ್ಡ್ (ಪಿಸಿಬಿ) ಮಾಡುವವರ ಪೊಟ್ಟಣವೇ ನಮಗೂ. ಮೊದಲು ಸಿಕ್ಕಿದ್ದು ತೇವ ಕುಡಿದು ಜೋನಿಬೆಲ್ಲದಂತಾಗಿತ್ತು. "ನಿಮಗೆ ಕರಗಿಸೋ ಕೆಲಸ ಉಳೀತಲ್ಲ ಸಾರ್" ಅಂದ ಪುಣ್ಯಾತ್ಮ. ಬೇರೆ ಕಡೆ ತಂದು, ಹಿಡಿ ಪಕ್ಕದಲ್ಲಿ ಉಗುರಗಲ ಜಾಗವನ್ನು 400ರಿಂದ 2000 ನಂಬರ್ ಸ್ಯಾಂಡ್‌ಪೇಪರ್‌ವರೆಗೆ ಉಜ್ಜಿದೆ. ನಕ್ಷೆ ಪೂರ್ತಿ ಮಾಯ. ಅಸಿಟೋನ್‌ನಲ್ಲಿ ಒರೆಸಿ, ತೆಳು ದ್ರಾವಣವನ್ನು ಹತ್ತಿಯಲ್ಲಿ ಸವರಿದೆ. ಬರೀ ಬೂದು! ಬೈದುಕೊಂಡು ಮತ್ತೆ ಸವರಿದಾಗ ಕಪ್ಪು ನೆಲದಲ್ಲಿ ಬಿಳಿ ಎಳೆಗಳು ಒಂದೊಂದಾಗಿ ಎದ್ದು, ಪಕ್ಕದ ಹಳೇ ಅಲೆಗಳಿಗೆ ಸರಿಯಾಗಿ ಕೂಡಿಕೊಂಡವು. ಅಡುಗೆ ಸೋಡಾ ನೀರಲ್ಲಿ ತೊಳೆದು ಎಣ್ಣೆ ಹಚ್ಚಿಟ್ಟೆ.

ಈಗಲೂ ಕೆಲವರು ಇಂಥ ಉಕ್ಕು ಕರಗಿಸುತ್ತಾರೆ, ನಕ್ಷೆಯೊಂದೇ ಅಲಗಿನ ವಯಸ್ಸು ಹೇಳದು, ನಿಜ. ಆದರೆ ಈ ಅಲಗು ತಾತನ ಮದುವೆ ಫೋಟೋದಲ್ಲಿದೆ, ಬೇರೆ ಹಿಡಿಯ ಜೊತೆ. ಆ ಹಿಡಿ ಯಾರ ಮನೆ ಸೇರಿತೋ. ನೂರು ವರ್ಷ ದಾಟಿದ್ದರೆ 1972ರ ಪ್ರಾಚ್ಯವಸ್ತು ಕಾಯ್ದೆಗೆ ಬರುತ್ತದೆ, ಹೊರದೇಶಕ್ಕೆ ಕಳಿಸುವಂತಿಲ್ಲ. ನನಗೆ ಮಾರುವ ಯೋಚನೆಯೂ ಇಲ್ಲ.

ಮುಂದಿನ ಕೆಲಸ ಕಬ್ಬಿಣದ ಹಳೇ ಹಿಡಿ ಹುಡುಕುವುದು. ಅದಕ್ಕೂ ಮೊದಲು ಮಡಿಕೇರಿಯ ಗೆಳೆಯನ ಪೀಚೆಕತ್ತಿಗೆ (ಕೊಡವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚಿಕ್ಕ ಕತ್ತಿ) ಮರದ ಒರೆ ಮಾಡಿಕೊಡಬೇಕು, ಬೀಟೆ ತುಂಡೊಂದು ಸಿಕ್ಕಿದೆ. ಅಲ್ಲಿಯವರೆಗೆ ತಲ್ವಾರ್ ಬೀರುವಿನಲ್ಲಿ, ಬೀಗ ಹಾಕಿ. ಯಾಕೆಂದರೆ ಅತ್ತೆ ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿಕೊಡುತ್ತೇನೆ ಅಂತ ಕಾಯುತ್ತಿದ್ದಾರೆ.